ಬೀಗ ಒಲ್ಲದ ಕಾಕಾ

ಕಾಕಾ ತೀರಿಕೊಂಡರು ಎಂದು ಫೋನು ಬಂದಾಗ ನಾನು ಮದುಮಗಳ ಜಂಪರಿಗೆ ತೋಳು ಕೂಡಿಸುತ್ತ ಕುಳಿತಿದ್ದೆ. ಮೊದಲು ಬಂದದ್ದು ಸಿಟ್ಟು. ಅಳು ಆಮೇಲೆ ಬಂತು, ಬಂದದ್ದು ಬೇಗ ನಿಲ್ಲಲೂ ಇಲ್ಲ. ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ. ಆ ಮನುಷ್ಯ ಬದುಕಿದ್ದಾಗಲೇ ನಾನು ಎದುರಿಗೆ ನಿಂತು ಬೈದಿದ್ದೇನೆ, ಈಗ ಹಿಂದೆ ಬೈದರೆ ಮೋಸವೇನಿಲ್ಲ.

ಅವರು ನನಗೆ ಸ್ವಂತ ಕಾಕಾ ಅಲ್ಲ. ಇಂಡಿಯಿಂದ ಝಳಕಿಗೆ ಹೋಗುವ ದಾರಿಯಲ್ಲಿ ನಮ್ಮೂರು, ಊರಿಗೆ ಊರೇ ಅವರನ್ನು ಕಾಕಾ ಎನ್ನುತ್ತಿತ್ತು. ಅವರದು ಲಿಂಬೆಕಾಯಿ ವ್ಯಾಪಾರ. ಸಿಂದಗಿ ಕಡೆಯ ತೋಟಗಳಿಂದಲೂ ಕಾಯಿ ತರಿಸಿ, ಮನೆಯ ಹಿಂದಿನ ಗೋಡೌನಿನಲ್ಲಿ ಆರಿಸಿ, ಚೀಲ ಹೊಲಿಸಿ ಸೊಲ್ಲಾಪುರ, ಪುಣೆ, ಹೈದರಾಬಾದಿಗೆ ಕಳಿಸುತ್ತಿದ್ದರು. ಮಾತಾಡುವಾಗ ಕೈಯಲ್ಲೊಂದು ಕಾಯಿ ಇರಲೇಬೇಕು. ಅದನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳುವರು. ಎದುರಿನವರ ಮಾತು ಸರಿಬರದಿದ್ದರೆ ಉಗುರಿನಿಂದ ಸಿಪ್ಪೆ ಚಿವುಟಿ ಮೂಸುತ್ತ ಕುಳಿತುಬಿಡುವರು. ಮೂಸತೊಡಗಿದರೆಂದರೆ ನಮ್ಮ ವಾದ ಬಿದ್ದಿತು ಎಂದೇ ಅರ್ಥ.

ಊರು ಅವರಿಗೆ ‘ಬ್ಯಾಡನ್ನೋ ಕಾಕಾ’ ಎಂದೂ ಹೆಸರಿಟ್ಟಿತ್ತು. ಸರಕಾರ ಏನು ತಂದರೂ ಅವರದು ಬ್ಯಾಡ. ಏನು ಬೆಳೆಯಬೇಕು, ಎಲ್ಲಿ ಮಾರಬೇಕು, ಏನು ಉಣ್ಣಬೇಕು, ಯಾರನ್ನು ಕಟ್ಟಿಕೊಳ್ಳಬೇಕು, ಇದರಲ್ಲಿ ಕೈ ಹಾಕುವ ಹಕ್ಕು ಸರಕಾರಕ್ಕೂ ಇಲ್ಲ, ಊರ ಪಂಚರಿಗೂ ಇಲ್ಲ, ಹಡೆದ ಅಪ್ಪನಿಗೂ ಇಲ್ಲ ಎಂಬುದು ಅವರ ಹಟ. ಒಂದು ಸಲ ಅವರ ಲಾರಿಯನ್ನು ಎಲ್ಲೋ ಚೆಕ್‌ಪೋಸ್ಟಿನಲ್ಲಿ ತಡೆದು ನಿಲ್ಲಿಸಿ, ಬಿಡುವ ಹೊತ್ತಿಗೆ ಕಾಯೆಲ್ಲ ಮೆತ್ತಗಾಗಿದ್ದವಂತೆ. ಅಂದಿನಿಂದ ತಲೆ ಹೀಗಾಯಿತು ಎಂದು ಕೆಲವರು ಹೇಳುತ್ತಿದ್ದರು. ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ಅದನ್ನು ಒಪ್ಪುತ್ತಿರಲಿಲ್ಲ. "ಲಗ್ನ ಆಗಿ ಬಂದಾಗಿಂದ ಹಿಂಗ ಅದಾರ. ಅಕ್ಕಿಕಾಳ ಹಾಕೂ ಮುಂದ ಭಟ್ಟರಿಗೆ, ಹುಡಿಗೀನ್ನ ಒಪ್ಪಿಗಿ ಕೇಳೀರೇನು ಅಂದಾರ" ಎನ್ನುತ್ತಿದ್ದರು.

"ಸರಕಾರ ಬೀಗರಿದ್ದಂಗ, ತಂಗಿ" ಎಂದು ಕಾಕಾ ನನಗೆ ಹೇಳುತ್ತಿದ್ದರು. "ಕರದಾಗ ಬರಬೇಕು, ಉಂಡು ಹೋಗಬೇಕು. ಅಡಗಿಮನ್ಯಾಗ ಕುಂತು ಉಪ್ಪ ಎಷ್ಟ ಹಾಕ್ಬೇಕು ಅಂತ ಹೇಳಬಾರದು."

ತಾವು ಸರಕಾರದ ಅಕ್ಕಿ ಮುಟ್ಟಿದವರಲ್ಲ. ಕಾಕು ಮಾತ್ರ ತಿಂಗಳು ತಪ್ಪದೆ ಚೀಲ ಹಿಡಿದು ರೇಷನ್ ಅಂಗಡಿಯ ಪಾಳಿಯಲ್ಲಿ ನಿಲ್ಲುವರು. ಮಂದಿ ಇದನ್ನೇ ಹಿಡಿದು ಕಾಡುತ್ತಿದ್ದರು: ಏನ್ ಕಾಕಾ, ಊರಿಗೆಲ್ಲ ಬ್ಯಾಡ ಅಂತೀರಿ, ನಿಮ್ಮ ಮನ್ಯಾಗ ಅನ್ನ ಕುದ್ಯಾಕತ್ತೈತಿ. ಅವರಿಗೆ ನಾಚಿಕೆಯೇ ಇಲ್ಲ. "ಆಕಿ ಸ್ವತಂತ್ರ ಮನಷ್ಯಾಳು. ಬ್ಯಾಡ ಅನ್ನಾಕ ನಾ ಯಾರು" ಎಂದು ತಾವು ರೊಟ್ಟಿ ಮುರಿಯುತ್ತಿದ್ದರು. ಅನ್ನ ತಾವು ಉಣ್ಣುತ್ತಿರಲಿಲ್ಲ.

ಇದು ಬರೀ ಬಾಯಿಮಾತಲ್ಲ ಎಂದು ನನಗೆ ಗೊತ್ತಾದದ್ದು ಅವರ ಮಗಳ ಲಗ್ನದಲ್ಲಿ. ಆಕೆ ಮುದ್ದೇಬಿಹಾಳದ ಒಬ್ಬ ಹುಡುಗನನ್ನು ಒಪ್ಪಿಕೊಂಡಳು. ಬಸವನ ಬಾಗೇವಾಡಿಯಲ್ಲಿ ಮಾಸ್ತರ, ಬೌದ್ಧರ ಮನೆಯವನು. ಕಾಕಾನ ಅಣ್ಣತಮ್ಮಂದಿರೆಲ್ಲ ಬಂದು ಪಡಸಾಲೆಯಲ್ಲಿ ಕುಳಿತು ಗದರಿಸಿದರು, ಕಡೆಗೆ ಬಳಗದಿಂದ ಹೊರಗಿಡುತ್ತೇವೆ ಎಂದರು. ಕಾಕಾ ಲಿಂಬೆಕಾಯಿ ಮೂಸುತ್ತ ಎಲ್ಲವನ್ನೂ ಕೇಳಿ, "ಆಕಿ ಲಗ್ನ ಐತಿ, ನಂದೇನ ಅಲ್ಲಲಾ" ಎಂದಷ್ಟೇ ಅಂದರು. ಅಣ್ಣತಮ್ಮಂದಿರು ಹೇಳಿದಂತೆಯೇ ಮಾಡಿದರು. ಕೊನೆಯವರೆಗೂ ಅವರಲ್ಲಿ ಇಬ್ಬರು ಈ ಮನೆಯ ನೀರು ಕುಡಿಯಲಿಲ್ಲ. ಅದನ್ನು ಸಹಿಸಿದ ಮನುಷ್ಯನನ್ನು ನಾನು ತಮಾಷೆ ಮಾಡಲಾರೆ. ಆದರೆ ಆ ಅಳಿಯ ಭಾಳ ಜಾಣ. ಬಂದಾಗೆಲ್ಲ ಮಾವನನ್ನು ಕೆಣಕುವನು: ಮುಳವಾಡದ ಕಡೆ ಹೊಲಕ್ಕ ಕಾಲುವಿ ನೀರು ಹರಿದೈತಲ್ರಿ ಮಾವ, ಅದನ್ಯಾರು ಏರಿಸಿದ್ರು, ಆಲಮಟ್ಟಿ ಯಾರು ಕಟ್ಟಿದ್ರು? ಕಾಕಾ ಆಗ ಮೂಸುತ್ತಿರಲಿಲ್ಲ, ನೀರಿನ ಮಾತು ಬ್ಯಾರೆ ಎಂದು ಹೇಳಿ ಎದ್ದು ಗೋಡೌನಿಗೆ ಹೋಗಿಬಿಡುತ್ತಿದ್ದರು.

ಇಂಥವರಿಗೆ ಒಂದು ವರ್ಷ ದೇಶದ ಅಧ್ಯಕ್ಷರೇ ಆಗಬೇಕು ಎನ್ನಿಸಿತು. ನಗಬೇಡಿ. ರಾಷ್ಟ್ರಪತಿ ಚುನಾವಣೆ ಬಂದಿತ್ತು, ಇಂಡಿಯ ಒಬ್ಬ ವಕೀಲರ ಹತ್ತಿರ ಹೋಗಿ ನಾನೂ ನಿಲ್ಲಬಹುದೇ ಎಂದು ಕೇಳಿದರು. ನಿಲ್ಲಬಹುದು, ಆದರೆ ಐವತ್ತು ಮಂದಿ ಎಂಪಿ ಎಮ್ಮೆಲ್ಲೆಗಳು ನಿಮ್ಮ ಹೆಸರು ಸೂಚಿಸಬೇಕು, ಮತ್ತೆ ಐವತ್ತು ಮಂದಿ ಅನುಮೋದಿಸಬೇಕು ಎಂದು ವಕೀಲರು ಹೇಳಿದರು. ಕಾಕಾ ಅಷ್ಟಕ್ಕೆ ಬಿಡುವರೇ. ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿದ್ದ ಒಬ್ಬ ಶಾಸಕರ ಪಕ್ಕ ಹೋಗಿ ಕುಳಿತು, "ಸಾಹೇಬ್ರ, ಒಂದು ಸಹಿ ಬೇಕಾಗಿತ್ರಿ. ನಾ ರಾಷ್ಟ್ರಪತಿ ಆದ್ರ ನಿಮ್ಮ ಸರಕಾರ ಅರ್ಧ ಕಡಿಮಿ ಮಾಡಬೇಕಂತೇನಿ" ಎಂದರಂತೆ. ಶಾಸಕರಿಗೆ ಬುಂದಿ ನೆತ್ತಿಗೇರಿತು. ಆ ಸಹಿ ಬರಲಿಲ್ಲ. "ಗಿಡಾ ತುದಿಯಿಂದ ಹತ್ತಾಕ ಬರೂದಿಲ್ಲ, ಬುಡದಿಂದ ಹತ್ತೂಣು" ಎಂದು ಕಾಕಾ ಮುಂದಿನ ಗ್ರಾಮ ಪಂಚಾಯ್ತಿಗೆ ನಿಂತರು, ಗೆದ್ದರು. ಅದೇ ಚುನಾವಣೆಯಲ್ಲಿ ನಾನೂ ಗೆದ್ದೆ. ನಾನು ಹೊಲಿಗೆ ಕ್ಲಾಸು ನಡೆಸುವವಳು, ನಮ್ಮ ವಾರ್ಡು ಹೆಂಗಸರಿಗೆ ಬಂದಿತ್ತು.

ನಾನು ಕಾಕಾನ ಜೊತೆ ಹೋದದ್ದು ತತ್ವಕ್ಕಾಗಿ ಅಲ್ಲ, ನಮ್ಮ ಅತ್ತೆಯ ಬುಟ್ಟಿಗಾಗಿ. ಅತ್ತೆ ಸಂತೆಯಲ್ಲಿ ಮೆಂತ್ಯ, ಸಬ್ಬಸಗಿ, ಹಸಿಮೆಣಸಿನಕಾಯಿ ಮಾರುತ್ತಿದ್ದರು. ಸಂತೆಯ ಕರ ವಸೂಲಿಯನ್ನು ಪಂಚಾಯ್ತಿ ವರ್ಷಾವರ್ಷಾ ಹರಾಜು ಹಾಕುತ್ತದೆ, ಹಿಡಿದ ಗುತ್ತಿಗೆದಾರ ತನ್ನ ಹುಡುಗರನ್ನು ಬಿಟ್ಟು ಕೂತವರಿಂದೆಲ್ಲ ಎತ್ತುತ್ತಾನೆ. ನಮ್ಮೂರಲ್ಲಿ ಬಹಳ ವರ್ಷದಿಂದ ಒಬ್ಬನದೇ ಕೈ. ಬೋರ್ಡಿನ ಮೇಲೆ ಬರೆದದ್ದು ಒಂದು, ಎತ್ತುವುದು ಇನ್ನೊಂದು. ಅತ್ತೆ ಒಮ್ಮೆ ಬೋರ್ಡು ತೋರಿಸಿ ಮಾತಾಡಿದ್ದಕ್ಕೆ ಅವರ ಬುಟ್ಟಿಯನ್ನು ಒದ್ದು ಕೆಸರಿಗೆ ಚೆಲ್ಲಿದರು. ಅತ್ತೆ ಕೂತು ಒಂದೊಂದೇ ಮೆಣಸಿನಕಾಯಿ ಸೆರಗಿನಿಂದ ಒರೆಸಿ ಮತ್ತೆ ಬುಟ್ಟಿಗೆ ಹಾಕುವುದನ್ನು ನಾನು ನೋಡಿದ್ದೇನೆ. ಕಾಕಾ ಅಧ್ಯಕ್ಷರಾದರೆ ಮೊದಲ ಸಭೆಯಲ್ಲೇ ಸಂತೆ ಕರ ತೆಗೆಯುವುದು ಎಂದು ಮಾತಾಗಿತ್ತು. ತಮ್ಮ ನೆಲದ ಮೇಲೆ ತಮ್ಮ ಬೆವರು ಮಾರುವವರಿಗೆ ಸುಂಕ ಯಾಕೆ ಎಂಬುದು ಅವರ ಪ್ರಶ್ನೆ. ನನಗೆ ಪ್ರಶ್ನೆ ಬೇಕಾಗಿರಲಿಲ್ಲ, ಆ ಹುಡುಗರು ಸಂತೆ ಬಿಟ್ಟು ಹೋದರೆ ಸಾಕಾಗಿತ್ತು.

ಆ ಸಲ ಅಧ್ಯಕ್ಷ ಸ್ಥಾನ ಸಾಮಾನ್ಯರಿಗೆ ಬಂದಿತ್ತು. ಒಂದು ಕಡೆ ಕಾಕಾ, ಇನ್ನೊಂದು ಕಡೆ ಗುತ್ತಿಗೆದಾರನ ಅಳಿಯ. ನಾವು ಹದಿನೈದು ಸದಸ್ಯರು. ಕಾಕಾನೂ ಸೇರಿ ಎಂಟು ಮಂದಿ ನಮ್ಮ ಕಡೆ, ಏಳು ಮಂದಿ ಆ ಕಡೆ. ಒಬ್ಬರು ಜಾರಿದರೆ ಎಲ್ಲ ಮುಗಿಯಿತು.

ನಮ್ಮ ಕಡೆ ಇದಕ್ಕೊಂದು ರೂಢಿ ಇದೆ. ಅಧ್ಯಕ್ಷರ ಚುನಾವಣೆಯ ದಿನ ಗೊತ್ತಾದ ಕೂಡಲೆ ಎರಡೂ ಕಡೆಯವರು ತಮ್ಮ ತಮ್ಮ ಸದಸ್ಯರನ್ನು ಕ್ರೂಸರಿನಲ್ಲಿ ತುಂಬಿಕೊಂಡು ಪ್ರವಾಸಕ್ಕೆ ಹೊರಡುತ್ತಾರೆ. ಪಂಢರಪುರ, ಕೊಲ್ಲಾಪುರ, ಗೋವಾ. ಊಟ ಉಪಚಾರಕ್ಕೆ ಕಡಿಮೆ ಇರುವುದಿಲ್ಲ, ಫೋನು ಮಾತ್ರ ಕಸಿದುಕೊಂಡಿರುತ್ತಾರೆ. ಮತದಾನದ ದಿನ ಗಾಡಿ ನೇರ ಪಂಚಾಯ್ತಿ ಬಾಗಿಲಿಗೇ ಬಂದು ನಿಲ್ಲುತ್ತದೆ. ಹೋಗುವ ಮೊದಲು ದೇವರ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ಹಾಕಿಸುವುದೂ ಉಂಟು. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ, ಕೆಲವರಂತೂ ಊರು ನೋಡಿದಂತಾಯಿತು ಎಂದು ಬಟ್ಟೆ ಇಸ್ತ್ರಿ ಮಾಡಿಸಿಕೊಂಡು ಕಾಯುತ್ತಾರೆ. ಆ ಏಳು ಮಂದಿ ಸುದ್ದಿ ಬಂದ ಮರುದಿನವೇ ಊರಲ್ಲಿರಲಿಲ್ಲ.

ನಾವು ಕಾಕಾನ ಕಟ್ಟೆಯ ಮೇಲೆ ಸೇರಿದೆವು. ಗಾಡಿ ತರಿಸಿ ಎಂದು ಎಲ್ಲರೂ ಒಂದೇ ಮಾತು.

"ಎದಕ್ಕ?" ಎಂದರು ಕಾಕಾ.

"ಎದಕ್ಕ ಅಂದ್ರ? ಊರಾಗ ಇದ್ರ ಅವ್ರು ಬಿಡ್ತಾರೇನ್ರಿ? ಇವತ್ತ ಮುಂಜಾನೆನ ನನ್ನ ಫೋನಿಗೆ ಮೂರು ಮಂದಿ ಹಚ್ಚ್ಯಾರ" ಎಂದೆ ನಾನು.

"ನೀ ಏನ್ ಅಂದಿ?"

"ಕಟ್ ಮಾಡಿದ್ನಿ."

"ಮತ್ತ. ಗಾಡಿ ಇಲ್ದನ ಕಟ್ ಮಾಡಿದಿ. ನೀವೇನ ದನಾ ಅಲ್ಲ, ಕಟ್ಟಿ ಹಾಕಾಕ. ಇಷ್ಟ ಮಂದೀನ್ನ ಕೂಡಿ ಹಾಕಿ ಊರ ಬಿಡಿಸ್ತೇನಿ ಅಂದ್ರ ಮಂದಿ ನಗತಾರ ತಂಗಿ."

"ಹಂಗಾರ ಭಂಡಾರನಾದ್ರೂ ಮುಟ್ಟಸ್ರಿ" ಎಂದ ಒಬ್ಬ.

"ಆಣಿ ಅಂದ್ರ ಕಣ್ಣಿಗೆ ಕಾಣದ ಹಗ್ಗ. ಅದೂ ಬ್ಯಾಡ. ಬರಾವ್ರು ಬರ್ರಿ, ಹೋಗಾವ್ರು ಹೋಗ್ರಿ."

ಹೇಳಿ ಲಿಂಬೆಕಾಯಿ ಚಿವುಟಿ ಮೂಸತೊಡಗಿದರು. ನನಗೆ ಅದನ್ನು ಕಸಿದು ಎಸೆಯಬೇಕು ಎನಿಸಿತು.

ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೈಕಿನ ಸದ್ದು ಕೇಳಿದರೆ ಕಿಟಕಿಯಿಂದ ಇಣುಕುತ್ತಿದ್ದೆ. ನನ್ನ ಗಂಡ ಬಾಗಿಲ ಮುಂದೆ ಅಪರಿಚಿತರು ನಿಂತರೆ ನನಗಿಂತ ಮೊದಲು ಎದ್ದು ಹೋಗುತ್ತಿದ್ದ. ಕಾಕಾ ಎಲ್ಲರನ್ನೂ ಬಿಟ್ಟುಬಿಟ್ಟರು, ನಾವು ಉಳಿದ ಏಳು ಮಂದಿ ಒಬ್ಬರನ್ನೊಬ್ಬರು ಕಾಯತೊಡಗಿದೆವು. ನೀರಿಗೆ ಹೋದರೆ, ಕಿರಾಣಿ ಅಂಗಡಿಗೆ ಹೋದರೆ, ಅವರಿದ್ದಾರೆಯೇ ಇವರಿದ್ದಾರೆಯೇ ಎಂದು ಕಣ್ಣು ಹುಡುಕುತ್ತಿತ್ತು.

ಎಲ್ಲರ ಕಣ್ಣೂ ಹೆಚ್ಚಾಗಿ ಇದ್ದದ್ದು ಸಿದ್ರಾಮನ ಮೇಲೆ. ಸಿದ್ರಾಮ ಗೌಂಡಿ, ಗೋಡೆ ಕಟ್ಟುವವನು, ನಮ್ಮ ಎಂಟರಲ್ಲಿ ಒಬ್ಬ. ಮಾತು ಕಡಿಮೆ. ಅವನ ತಮ್ಮ ಸಂತೆಯಲ್ಲಿ ಕರ ಎತ್ತುವ ಹುಡುಗರಲ್ಲೊಬ್ಬ, ಗುತ್ತಿಗೆದಾರನ ಕೈಯಲ್ಲಿ ದುಡಿಯುವವನು. ಕರ ಹೋದರೆ ತಮ್ಮನ ಕೆಲಸ ಹೋಗುತ್ತದೆ. ಆ ತಮ್ಮನಿಗೆ ಆಗಷ್ಟೇ ಕೂಸು ಹುಟ್ಟಿತ್ತು. ಗುತ್ತಿಗೆದಾರ ಅದನ್ನು ನೆನಪಿಸದೆ ಬಿಡುತ್ತಾನೆಯೇ. ಸಿದ್ರಾಮ ನಮ್ಮ ಕಟ್ಟೆಗೆ ಬರುವುದನ್ನು ಬಿಟ್ಟ. ಕೇಳಿದರೆ, "ನನಗ ಸ್ವಲ್ಪ ವಿಚಾರ ಮಾಡಾಕ ಬಿಡ್ರಿ" ಎಂದು ಮುಂದೆ ನಡೆಯುತ್ತಿದ್ದ. ಕಾಕಾನಿಗೆ ಹೋಗಿ ಹೇಳಿದೆ. "ವಿಚಾರ ಮಾಡಾಕತ್ತಾನಂದ್ರ ಛಲೋನ ಆತು" ಎಂದರು.

ಮತದಾನದ ದಿನ ಬಂತು. ಬೆಳಿಗ್ಗೆ ಎಲ್ಲರೂ ಕಾಕಾನ ಮನೆಯಲ್ಲಿ ಸೇರಿ ಕೂಡಿಯೇ ನಡೆದು ಹೋಗುವುದು ಎಂದಾಗಿತ್ತು. ನಾನು ಹೋದಾಗ ಕಾಕು ಒಲೆಯ ಮುಂದೆ ಉಪ್ಪಿಟ್ಟು ಕೈಯಾಡಿಸುತ್ತಿದ್ದರು. ಉಳಿದವರು ಬಂದಿದ್ದರು. ಸಿದ್ರಾಮ ಇರಲಿಲ್ಲ. ಹೊರಗೆ ಗುತ್ತಿಗೆದಾರನ ಇಬ್ಬರು ಹುಡುಗರು ಮೋಟರ್ ಸೈಕಲ್ ನಿಲ್ಲಿಸಿಕೊಂಡು ಯಾರನ್ನೋ ಕಾಯುತ್ತಿದ್ದರು.

"ಹ್ವಾದ ಅಂವ" ಎಂದೆ ನಾನು.

ಕಾಕು ಸೌಟು ಬಿಡದೆ ಹೇಳಿದರು: "ಎಲ್ಲೂ ಹೋಗಿಲ್ಲ. ಗೋಡೌನಿನ್ಯಾಗ ಅದಾನ."

ಬೆಳಗಾಗುತ್ತಲೇ ಸಿದ್ರಾಮ ಕಾಕಾನೊಡನೆ ಏನೋ ಮಾತಾಡಬೇಕೆಂದು ಬಂದಿದ್ದನಂತೆ. ಕಾಕಾ ಜಳಕಕ್ಕೆ ಹೋಗಿದ್ದರು. ಕಾಕು, ಒಳಗಿನ ಗೋಡೆಗೆ ಮೆತ್ತಿದ ಗಿಲಾಯಿ ಉದುರಿ ಬಿದ್ದಿದೆ, ಸ್ವಲ್ಪ ನೋಡಿ ಬಾ ಎಂದು ಗೋಡೌನಿಗೆ ಕಳಿಸಿದರು. ಗೌಂಡಿಗೆ ಗೋಡೆ ಕೆಟ್ಟಿದೆ ಎಂದರೆ ನೋಡದೆ ಇರಲಾಗುತ್ತದೆಯೇ. ಅವನು ಒಳಗೆ ಹೋದ, ಇವರು ಕದ ಎಳೆದು ಬೀಗ ಜಡಿದರು. ಕೀಲಿಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದು ಉಪ್ಪಿಟ್ಟಿಗೆ ಇಟ್ಟರು.

ನಿಜ ಹೇಳುತ್ತೇನೆ, ನನಗೆ ಜೀವ ಬಂದಂತಾಯಿತು. ಕಾಕುವನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು.

ಕಾಕಾ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ಹೊರಬಂದರು. ಯಾರೋ ಹೇಳಿಬಿಟ್ಟರು.

"ಕೀಲಿ ಕೊಡು" ಎಂದರು ಹೆಂಡತಿಗೆ.

"ಕೊಡೂದಿಲ್ಲ."

"ಮನಷ್ಯಾನ್ನ ಒಳಗ ಹಾಕಿ ಬೀಗ ಹಾಕಾಕ ಯಾರಂದ್ರು ನಿನಗ?"

"ಯಾರೂ ಅಂದಿಲ್ಲ. ನಾ ಸ್ವತಂತ್ರ ಮನಷ್ಯಾಳ ಅದೇನಿ, ನೀವ ಅಂತೀರಿ. ಗೋಡೌನ ನನ್ನ ಹೆಸರ್ಲೆ ಐತಿ. ನನ್ನ ಜಾಗಾ, ನನ್ನ ಬೀಗ. ಒಂದ ಗಂಟೆ ತಡೀರಿ, ನಾನ ಕರಕೊಂಡು ಹೋಗಿ ಪಂಚಾಯ್ತಿ ಒಳಗ ಬಿಟ್ಟು ಬರ್ತೇನಿ."

ಬೇರೆ ಯಾವ ಗಂಡಸಾದರೂ ಹೆಂಡತಿಯ ಸೊಂಟದಿಂದ ಕೀಲಿ ಕಿತ್ತುಕೊಳ್ಳುತ್ತಿದ್ದ. ಇವರು ಕೈ ಎತ್ತಿದವರು ಹಾಗೇ ಇಳಿಸಿದರು. ಸುಮ್ಮನೆ ಹಿತ್ತಿಲಿಗೆ ಹೋದರು. ನಾನು ಬೆನ್ನ ಹಿಂದೆಯೇ ಹೋದೆ.

ಗೋಡೌನಿನ ಕದಕ್ಕೆ ಬಾಯಿ ಹಚ್ಚಿ ಕೇಳಿದರು: "ಸಿದ್ರಾಮ, ಹೊರಗ ಬರ್ತಿ ಏನು?"

ಒಳಗಿಂದ ಅವನು, "ಬರ್ತೇನ್ರಿ ಕಾಕಾ" ಎಂದ.

ಕಾಕಾ ಕಬ್ಬಿಣದ ಹಾರಿ ತಂದರು. ನಾನು ಅಡ್ಡ ನಿಂತೆ. "ಕಾಕಾ, ಹೊರಗ ಅವ್ರ ಗಾಡಿ ನಿಂತೈತಿ. ಇಂವ ಹೊರಗ ಬಂದ ಅಂದ್ರ ಅತ್ಲಾಗ ಹೋಗ್ತಾನ. ನಮ್ಮತ್ತಿ ಬುಟ್ಟಿ ನೆನಸ್ಕೋರಿ. ಕೈ ಮುಗೀತೇನಿ" ಎಂದೆ. ಅಷ್ಟು ಹೊತ್ತಿಗೆ ನನಗೆ ಅಳು ಬಂದಿತ್ತು.

"ಸರಿ ತಂಗಿ, ಸರಿ" ಎಂದರು. ಒಪ್ಪಿದರೆಂದು ನಾನು ತಿಳಿದೆ. ಅವರು ಹೇಳಿದ್ದು ನನಗೆ ಪಕ್ಕಕ್ಕೆ ಸರಿ ಎಂದು. ಹಾರಿಯನ್ನು ಚಿಲಕಕ್ಕೆ ಕೊಟ್ಟು ಮೈಯೆಲ್ಲ ಭಾರ ಹಾಕಿದರು. ಚಿಲಕ ಕಿತ್ತು ಬಂತು.

ಸಿದ್ರಾಮ ಹೊರಗೆ ಬಂದ. ಮೈತುಂಬ ಲಿಂಬೆಯ ವಾಸನೆ. ಯಾರ ಮುಖವನ್ನೂ ನೋಡಲಿಲ್ಲ. "ಗ್ವಾಡಿ ಮ್ಯಾಲಿಂದ ಕೆಳಗ ಸೀಳೈತಿ. ಗಿಲಾಯಿ ಅಷ್ಟ ಅಲ್ಲ" ಎಂದು ಕಾಕುವಿಗೆ ಹೇಳಿ ಮುಂದಿನ ಬಾಗಿಲಿಂದ ಹೊರಟ. ಕಾಯುತ್ತಿದ್ದ ಹುಡುಗರು ಗಾಡಿ ಚಾಲೂ ಮಾಡಿದರು, ಅವನು ಹಿಂದೆ ಹತ್ತಿ ಕುಳಿತು ಹೋದ. ನಾವು ನಿಂತು ನೋಡಿದೆವು.

ಪಂಚಾಯ್ತಿಗೆ ನಡೆಯುವ ದಾರಿಯಲ್ಲಿ ಕಾಕಾ, ತಮ್ಮಷ್ಟಕ್ಕೆ ತಾವೇ ಹೇಳಿದಂತೆ, "ನನ್ನ ಮನ್ಯಾಗ ಆತಲಾ" ಎಂದರು. ನನಗೆ ಆಗ ಅದರ ಅರ್ಥ ಪೂರಾ ಆಗಲಿಲ್ಲ. ಸೋಲುವ ಸಂಕಟ ಎಂದುಕೊಂಡೆ.

ಪಂಚಾಯ್ತಿ ಅಂಗಳದಲ್ಲಿ ಎರಡೂ ಕಡೆಯ ಮಂದಿ ಸೇರಿದ್ದರು. ಕ್ರೂಸರು ಬಂದು ನಿಂತು ಆ ಏಳು ಮಂದಿಯನ್ನು ಇಳಿಸಿತು. ಗುಲಾಲಿನ ಚೀಲಗಳು ಆಗಲೇ ಬಂದಿದ್ದವು. ಒಳಗೆ ಚುನಾವಣಾಧಿಕಾರಿ ಒಬ್ಬೊಬ್ಬರನ್ನೇ ಕರೆದು ಚೀಟಿ ಕೊಟ್ಟರು. ಮೂಲೆಯಲ್ಲಿ ಮರೆ ಕಟ್ಟಿದ್ದರು. ಅಲ್ಲಿ ಹೋಗಿ ಬೇಕಾದ ಹೆಸರಿನ ಮುಂದೆ ಗುರುತು ಮಾಡಿ, ಮಡಚಿ, ಡಬ್ಬಿಗೆ ಹಾಕುವುದು. ಸಿದ್ರಾಮ ಹೋಗಿ ಬೇಗ ಬಂದ. ಕಾಕಾ ಮರೆಯಲ್ಲಿ ಬಹಳ ಹೊತ್ತು ನಿಂತರು. ವಯಸ್ಸಾದವರು, ಕನ್ನಡಕ ಹುಡುಕುತ್ತಿರಬೇಕು ಎಂದುಕೊಂಡೆ.

ಎಣಿಸಿದರು. ನಾನು ಎಂಟು-ಏಳರಲ್ಲಿ ಸೋಲು ಕೇಳಲು ಹಲ್ಲು ಕಚ್ಚಿ ಕುಳಿತಿದ್ದೆ. ಅಧಿಕಾರಿ ಓದಿದರು: ಆ ಕಡೆಗೆ ಏಳು. ಕಾಕಾನಿಗೆ ಏಳು. ಒಂದು ಚೀಟಿ ಖಾಲಿ, ಅದು ಅಸಿಂಧು. ಸಮ ಬಂದದ್ದರಿಂದ ಎರಡೂ ಹೆಸರು ಬರೆದು ಮಡಚಿ ಡಬ್ಬಿಯಲ್ಲಿ ಹಾಕಿ ಅಲುಗಿಸಿದರು. ಒಂದನ್ನು ಎತ್ತಿದರು. ಗುತ್ತಿಗೆದಾರನ ಅಳಿಯನ ಹೆಸರು ಬಂತು.

ಅಂಗಳದಲ್ಲಿ ಗುಲಾಲು ಹಾರಿತು, ಹಲಗೆ ಬಡಿದರು. ನಮ್ಮ ಕಡೆಯ ಮಂದಿಗೆ ತಾವು ಇಷ್ಟು ಹತ್ತಿರ ಬಂದು ಸೋತೆವು ಎಂಬುದೇ ತಡೆಯಲಾಗಲಿಲ್ಲ. ಖಾಲಿ ಚೀಟಿ ಸಿದ್ರಾಮನದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ಮೆಟ್ಟಿಲಿಳಿಯುತ್ತಿದ್ದಂತೆ ನಮ್ಮ ಕಡೆಯ ನಾಲ್ಕಾರು ಹುಡುಗರು ಸುತ್ತುವರಿದರು. ಒಬ್ಬ ಅಂಗಿಯ ಕೊರಳು ಹಿಡಿದ. "ಆ ಕಡೆ ಹಾಕೂ ಧೈರ್ಯಾನೂ ಇಲ್ಲ, ಈ ಕಡೆ ಹಾಕೂ ನೀಯತ್ತೂ ಇಲ್ಲ" ಎಂದು ಬೈದ. ಸಿದ್ರಾಮ ಕೈ ಎತ್ತಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಗುತ್ತಿಗೆದಾರ ಆ ಬದಿಗೆ ತನ್ನವರ ನಡುವೆ ನಿಂತು ಮಜಾ ನೋಡುತ್ತಿದ್ದ. ನಾನೂ ಬಿಡಿಸಲು ಹೋಗಲಿಲ್ಲ. ಎರಡು ಬೀಳಲಿ ಎಂದೇ ಇತ್ತು ನನ್ನ ಮನಸ್ಸಿನಲ್ಲಿ.

"ಅವನ್ನ ಬಿಡ್ರಿ" ಎಂದು ಕಾಕಾ ಮೇಲಿನ ಮೆಟ್ಟಿಲಿನಿಂದ ಕೂಗಿದರು. ಅವರು ದನಿ ಎತ್ತಿದ್ದನ್ನು ಅಲ್ಲಿಯವರೆಗೆ ಊರು ಕೇಳಿರಲಿಲ್ಲ. ಹಲಗೆಯವರೂ ನಿಲ್ಲಿಸಿದರು. "ಆ ಖಾಲಿ ಚೀಟಿ ನಂದು."

ಯಾರಿಗೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಮುಂಜಾನೆ ನನ್ನ ಮನ್ಯಾಗ ಇವನ್ನ ಕೂಡಿ ಹಾಕಿದ್ರು. ಇಂವ ನನಗ ಹಾಕಿದ್ರ, ಅದು ಇವನ ಮತಾನೋ ಬೀಗದ ಮತಾನೋ ನನಗ ಹೆಂಗ ತಿಳೀತೈತಿ? ಅಂಜಿ ಹಾಕಿದ ಮತದ ಮ್ಯಾಲೆ ನಾ ಕುರ್ಚಿ ಹತ್ತೂದಿಲ್ಲ. ಅದಕ್ಕ ಅದರ ಬದ್ಲಿ ನಂದೊಂದು ತಗದೆ. ಲೆಕ್ಕ ಸರಿ ಆತು."

ಕೊರಳು ಹಿಡಿದವನ ಕೈ ಸಡಿಲಾಯಿತು. ಅಂಗಳದಲ್ಲಿ ಒಬ್ಬೊಬ್ಬರಿಗೇ ಲೆಕ್ಕ ಹೊಳೆಯತೊಡಗಿತು. ಖಾಲಿ ಚೀಟಿ ಕಾಕಾನದಾದರೆ, ಅವರಿಗೆ ಬಿದ್ದ ಏಳರಲ್ಲಿ ಸಿದ್ರಾಮನದೂ ಸೇರಿದೆ. ಅವನು ಆ ಕಡೆಯವರ ಗಾಡಿಯಲ್ಲಿ ಬಂದು ನಮಗೆ ಹಾಕಿದ್ದ. ಕಾಕಾ ತಮ್ಮ ಹೆಸರಿಗೆ ಒಂದು ಗುರುತು ಮಾಡಿಕೊಂಡಿದ್ದರೆ ಆ ಹೊತ್ತಿನಲ್ಲಿ ಅವರೇ ಅಧ್ಯಕ್ಷರು.

ನನಗೆ ತಲೆ ಕೆಟ್ಟುಹೋಯಿತು. ಅಷ್ಟು ಮಂದಿಯ ಮುಂದೆ, ಹಿರಿಯರು ಎಂದೂ ನೋಡದೆ ಬೈದೆ. "ನಿಮ್ಮ ಮತ ನಿಮ್ಮದ ಒಬ್ರದು ಅಂತ ತಿಳಕೊಂಡೀರೇನು? ನಾವೆಲ್ಲ ವಾರಪೂರ್ತಿ ಜೀವ ಕೈಯಾಗ ಹಿಡಕೊಂಡು ಕುಂತಿದ್ವಿ. ನೀವು ಸ್ವಚ್ಛ ಉಳೀಬೇಕಂತ ನಮ್ಮನ್ನೆಲ್ಲ ಕೆಸರಾಗ ಒಗದ್ರಿ" ಎಂದೆ. ಇಂದಿಗೂ ಆ ಮಾತಿನಲ್ಲಿ ಒಂದಕ್ಷರ ಹಿಂದೆ ತೆಗೆದುಕೊಳ್ಳುವುದಿಲ್ಲ. ಕಾಕಾ ಕೇಳಿಸಿಕೊಂಡರು. ಸರಿ ಮಾಡಿದ ಮನುಷ್ಯನ ಸಮಾಧಾನ ಅವರ ಮುಖದ ಮೇಲಿತ್ತು, ಅದು ನನ್ನನ್ನು ಇನ್ನಷ್ಟು ಉರಿಸಿತು.

ಆ ಸಮಾಧಾನವನ್ನು ಇಳಿಸಿದವನು ಸಿದ್ರಾಮ. ಅವನು ಕೊರಳ ಗುಂಡಿ ಸರಿಮಾಡಿಕೊಂಡು, ಕಾಕಾ ನಿಂತ ಮೆಟ್ಟಿಲ ಕೆಳಗೆ ಬಂದು ನಿಂತ. ದನಿ ಏರಿಸಲಿಲ್ಲ.

"ಕಾಕಾ, ಮುಂಜಾನೆ ನಾ ನಿಮ್ಮ ಮನಿಗೆ ಅದನ್ನ ಹೇಳಾಕ ಬಂದಿದ್ನಿ. ನಿಮಗ ಹಾಕ್ತೇನಿ ಅಂತ. ತಮ್ಮನ ಕೂಡ ಕುಂತು ಮಾತಾಡಿ ಬಂದಿದ್ನಿ. ಅವ್ರ ಗಾಡಿ ಹತ್ತಿದ್ದೂ ಅದಕ್ಕ, ಅವ್ರಿಗೆ ಸಂಶೆ ಬರಬಾರದು, ತಮ್ಮನ ಕೆಲಸ ನಾಕು ದಿನರ ಉಳೀಲಿ ಅಂತ. ಕಾಕು ಬೀಗ ನನಗ ಹಾಕಿದ್ರು. ನನ್ನ ಮನಸಿಗೇನ ಹಾಕಿರಲಿಲ್ಲ."

ಕಾಕಾ ಏನೋ ಹೇಳಲು ಬಾಯಿ ತೆರೆದರು.

"ಗೋಡೌನಿನಿಂದ ಹೊರಗ ಬಂದಾಗನೂ, ಇಲ್ಲಿ ಮತ ಹಾಕೂ ಮುಂದನೂ, ನಾ ನಿಮ್ಮ ಎದುರಿಗೇ ಇದ್ನಿ. ಸಿದ್ರಾಮ, ಅಂಜಿಯೇನಪಾ ಅಂತ ನನ್ನ ಒಂದ ಮಾತ ಕೇಳಬೇಕಾಗಿತ್ತು. ಮಂದಿ ವಿಚಾರಾನ ಮಂದಿಗೆ ಬಿಡ್ರಿ ಅಂತ ಜನ್ಮಪೂರ್ತಿ ಹೇಳಿದಾವ್ರು ನೀವು. ನನ್ನ ಮತದ ಬೆಲೆ ಏನು ಅಂತ ನೀವ ಒಬ್ರ ಕುಂತು ಠರಾವ್ ಮಾಡಿದ್ರಿ."

ಕಾಕಾ ಮೆಟ್ಟಿಲ ಮೇಲೆ ಹಾಗೇ ಕುಳಿತರು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ತಪ್ಪಾತಪಾ" ಎಂದರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಅಲ್ಲಿಂದ ಮುಂದೆ ಅವರು ಯಾವ ಚುನಾವಣೆಗೂ ನಿಲ್ಲಲಿಲ್ಲ, ಸರಕಾರ ಹೀಗಿರಬೇಕು ಹಾಗಿರಬೇಕು ಎಂದು ನನ್ನೆದುರು ವಾದವನ್ನೂ ಮಾಡಲಿಲ್ಲ. ಸಿದ್ರಾಮನ ತಮ್ಮನಿಗೆ ಗೋಡೌನಿನಲ್ಲಿ ಕೆಲಸ ಕೊಡುತ್ತೇನೆಂದು ಎರಡು ಸಲ ಹೇಳಿ ಕಳಿಸಿದರು. ಅವನು ಬರಲಿಲ್ಲ, ಹೆಂಡತಿ ಕೂಸನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದ.

ಆದರೆ ಆ ದಿನ ನಾನು ನೋಡುತ್ತಿದ್ದದ್ದು ಕಾಕಾನನ್ನಲ್ಲ. ಸಿದ್ರಾಮ ಮಾತಾಡುತ್ತಿದ್ದಾಗ ನನ್ನ ಕಣ್ಣು ಆ ಬದಿಗೆ ಹೋಯಿತು. ಗುತ್ತಿಗೆದಾರ ನಗುವುದನ್ನು ನಿಲ್ಲಿಸಿದ್ದ. ಗುಲಾಲು ಬಿದ್ದ ಮುಖ ತಿರುಗಿಸಿ, ತನ್ನ ಹುಡುಗರ ಸಾಲಿನಲ್ಲಿ ನಿಂತಿದ್ದ ಸಿದ್ರಾಮನ ತಮ್ಮನನ್ನು ಒಂದು ಸಲ ನೋಡಿದ. ಆ ತಮ್ಮ ಕೊರಳಲ್ಲಿದ್ದ ಕರದ ರಸೀದಿ ಚೀಲ ತೆಗೆದು ಪಕ್ಕದವನ ಕೈಯಲ್ಲಿಟ್ಟು, ಅಣ್ಣನ ಹತ್ತಿರ ನಡೆದು ಬಂದ.